ಒಂದು ಬೆರಳು ಕಡಿಮೆ

೬ ಜನವರಿ ೨೦೨೫, ಚಿಕ್ಕೋಡಿ

ಹೊಸ ಡೈರಿ. ಇಂಕಿನ ಅಂಗಡಿಯವನು ಪುಕ್ಕಟೆ ಕೊಟ್ಟದ್ದು, ಪ್ರತಿ ಪುಟದ ಕೆಳಗೂ ಅವನದೇ ಜಾಹೀರಾತು. ಪುಕ್ಕಟೆ ಬಂದದ್ದನ್ನು ಮೂಲೆಗೆ ಎಸೆಯುವ ಮನುಷ್ಯ ನಾನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುವಂಥ ಸಂಗತಿಯೂ ಇದೆ. ಇವತ್ತು ನನ್ನ ಪ್ರೋಗ್ರಾಂ ಓಡಿತು. ಒಂದು ಕಾಲಕ್ಕೆ ಏಣಿ ಹತ್ತಿ ಗೋಡೆಗೆ ಸುಣ್ಣದ ದಾರ ಹೊಡೆದು ಬೋರ್ಡು ಬರೆಯುತ್ತಿದ್ದ ಪೇಂಟರ್ ಹಾಲೇಶ, ಈಗಿನ ಫ್ಲೆಕ್ಸ್ ಅಂಗಡಿಯ ಮಾಲಕ, ಐವತ್ತು ದಾಟಿದ ಮೇಲೆ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಕಂಪ್ಯೂಟರಿಗೆ ಆಜ್ಞೆ ಬರೆದಿದ್ದಾನೆ. ಸುಗಂಧಾಗೆ ಹೇಳಿದರೆ, "ಹಂಗಾರ ಇನ್ನ ಮ್ಯಾಲ ಊಟಕ್ಕ ಹೊತ್ತಿಗೆ ಸರಿ ಬರತೀರೇನು?" ಎಂದಳು. ಹೆಂಡತಿಯಿಂದ ಶಾಭಾಸಗಿರಿ ಬಯಸುವುದೇ ತಪ್ಪು.

ನಮ್ಮ ಕಡೆ ಫ್ಲೆಕ್ಸ್ ಅಂದರೆ ಅಕ್ಷರವಲ್ಲ, ಮುಖ. ಯಾರ ಮುಖ ಯಾರ ಪಕ್ಕ, ಯಾವ ಮುಖ ಎಷ್ಟು ದೊಡ್ಡದು ಎಂಬುದರ ಮೇಲೆ ತಾಲೂಕಿನ ಅರ್ಧ ಸಿಟ್ಟು ನಿಂತಿರುತ್ತದೆ. ಇಷ್ಟು ದಿನ ಮುಖಗಳನ್ನು ಮೌಸಿನಿಂದ ಎಳೆದೆಳೆದು ಅಳತೆಗೆ ತರುತ್ತಿದ್ದೆವು. ಈಗ ಪ್ರೋಗ್ರಾಮಿನಲ್ಲಿ ಒಂದೊಂದು ಮುಖದ ಹೆಸರಿನ ಮುಂದೆ ಒಂದೊಂದು ಅಂಕಿ ಬರೆದು ಗುಂಡಿ ಒತ್ತಿದರೆ ಸಾಕು. ಅದೇ ಡಿಸೈನಿನ ಒಳಗೆ ಹೋಗಿ, ಮುಖ ಹಿಡಿದು, ಅಳತೆ ಹೊಂದಿಸಿ, ಹಬ್ಬದ ಹೆಸರು ಬದಲಿಸಿ, ಪ್ರಿಂಟಿಗೆ ತಯಾರು ಮಾಡಿ ಕೊಡುತ್ತದೆ.

ಮೊದಲು ಮಾಡಿದ್ದು ಶಿರಗುಪ್ಪಿಯ ಅಣ್ಣತಮ್ಮಂದಿರ ಬ್ಯಾನರ್. ಮುರಗೆಪ್ಪ ದೊಡ್ಡವ, ಈಶ್ವರ ಸಣ್ಣವ. ಕಬ್ಬು, ದ್ರಾಕ್ಷಿ, ಒಂದೇ ಮನೆ, ಒಂದೇ ಒಲೆ. ಪ್ರತಿ ಹಬ್ಬಕ್ಕೂ ಸುತ್ತಿನ ಊರುಗಳಲ್ಲಿ ಇವರ ಶುಭಾಶಯದ ಬ್ಯಾನರ್ ಏಳಲೇಬೇಕು. ಅದರಲ್ಲಿ ಎರಡೇ ಮುಖ. ಅಳತೆ ಗೊತ್ತು ಮಾಡಿದವಳು ಅವರ ತಾಯಿ ಚನ್ನವ್ವ. ಹಿಂದೊಮ್ಮೆ ಅಂಗಡಿಗೇ ಬಂದು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಹೇಳಿದ್ದಳು: "ಸಣ್ಣಾವಂದು ಒಂದ ಬೆರಳ ಕಡಿಮಿ ಇರಲಿ. ಎರಡ ಬೆರಳ ಬ್ಯಾಡ. ಅಣ್ಣ ಅನ್ನೂದು ಕಾಣಬೇಕು, ತಮ್ಮ ಸಣ್ಣಾವ ಅನ್ನೂದು ಕಾಣಬಾರದು." ಮೂವತ್ತಾರು ಇಂಚಿನ ಮುಖಕ್ಕೆ ಒಂದು ಬೆರಳು ಅಂದರೆ ನೂರಕ್ಕೆ ಎರಡು. ಅಣ್ಣನ ಮುಂದೆ ನೂರು ಬರೆದೆ, ತಮ್ಮನ ಮುಂದೆ ತೊಂಬತ್ತೆಂಟು. ಗುಂಡಿ ಒತ್ತಿದೆ. ಸರಿಯಾಗಿ ಒಂದು ಬೆರಳು ಇಳಿಯಿತು.

ನಮ್ಮ ಮಾಯಾ ಬೆನ್ನ ಹಿಂದೆ ನಿಂತು ನೋಡಿದಳು. ಸದಲಗಾದ ಕುರಿಗಾರ ಮಲಕಾರಿಯ ಮಗಳು, ಡಿಪ್ಲೊಮಾ ಮುಗಿಸಿ ಬಂದಾಗಿನಿಂದ ನನ್ನ ಅಂಗಡಿಯಲ್ಲೇ ಡಿಸೈನ್ ಮಾಡುತ್ತಾಳೆ, ಬಂಗಾರದಂಥ ಕೈ. ಈ ಪಾಡವಾಕ್ಕೆ, ಅಂದರೆ ಯುಗಾದಿಗೆ, ನಿಪ್ಪಾಣಿಯಲ್ಲಿ ಇನ್ನೊಂದು ಅಂಗಡಿ ತೆರೆದು ಅವಳ ಹೆಸರಿಗೇ ಬಿಟ್ಟುಕೊಡುತ್ತೇನೆಂದು ಅವಳ ತಾಯಿಗೆ ತೆಂಗಿನಕಾಯಿ ಕೊಟ್ಟು ಮಾತು ಕೊಟ್ಟಿದ್ದೇನೆ. ಮಕ್ಕಳಿಲ್ಲದ ನನಗೆ ಅದೂ ಒಂದು ಖುಷಿ. ಪ್ರೋಗ್ರಾಂ ನೋಡಿ ಅವಳು, "ಚೊಲೊ ಆಗೈತ್ರಿ ಕಾಕಾ. ಆದ್ರ ಒಂದ ಸಲಾನ ಓಡಸ್ರಿ. ಎರಡ ಸಲ ಓಡಿಸಿದ್ರ ಬ್ಯಾರೆ ಆಗತೈತಿ," ಎಂದಳು. ನಾನು ನಕ್ಕುಬಿಟ್ಟೆ. ತನ್ನ ಕೈಯ ಕೆಲಸ ಯಂತ್ರಕ್ಕೆ ಹೋದರೆ ಯಾರಿಗಾದರೂ ಚುರುಕ್ ಅನ್ನುತ್ತದೆ, ಪಾಪ. ಖಾರದ ಚುರುಮುರಿ ಭಡಂಗ, ಚಹಾ ತರಿಸಿ ಕೊಟ್ಟೆ.

೧೩ ಜನವರಿ

ಸಂಕ್ರಮಣದ ಬ್ಯಾನರುಗಳು ಹೋದವು. ಪ್ರೋಗ್ರಾಮಿನ ಸುದ್ದಿ ಚಹದಂಗಡಿಯಲ್ಲಿ ಹೇಳಿದೆ, ಹಜಾಮನಿಗೆ ಹೇಳಿದೆ, ಸ್ಟ್ಯಾಂಡಿನ ಕಂಟ್ರೋಲರಿಗೂ ಹೇಳಿದೆ. ಕಂಟ್ರೋಲರ್ ಅರ್ಧ ಕೇಳಿ ಅಥಣಿ ಬಸ್ಸು ಬಂತೆಂದು ಎದ್ದು ಹೋದ. ಉಳಿದವರೆಲ್ಲ ಬಾಯಿ ತೆರೆದು ಕೇಳಿದರು.

೧೬ ಜನವರಿ

ಈಶ್ವರನ ಫೋನ್. ನಗುತ್ತಲೇ ಮಾತಾಡಿದ, ಆದರೆ ಅದು ನಗೆಯಲ್ಲ. ಶಿರಗುಪ್ಪಿಯ ಬ್ಯಾನರಿನ ಮೇಲೆ ಕೈ ಇಟ್ಟು ನೋಡಿದನಂತೆ. ಒಂದಲ್ಲ, ಎರಡು ಬೆರಳು ಕಡಿಮೆ ಇದೆಯಂತೆ.

ಫೈಲ್ ತೆಗೆದು ನೋಡಿದೆ. ನಿಜ, ಎರಡು ಬೆರಳು. ಇದು ಹೇಗೆ ಸಾಧ್ಯ? ಮೊದಲ ಸಲ ಓಡಿಸಿ, ಸರಿಯಾಗಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ಓಡಿಸಿ, ಆಮೇಲೇ ಪ್ರಿಂಟಿಗೆ ಬಿಟ್ಟಿದ್ದೆ. ಇಷ್ಟು ಹುಷಾರಾಗಿ ಮಾಡಿದ ಮೇಲೆ ತಪ್ಪು ನನ್ನ ಕೈಯಿಂದ ಆಗಿರಲಾರದು. ಹಾಗಾದರೆ ನಾನು ಎದ್ದು ಹೋದ ಮೇಲೆ ಯಾರೋ ಕೈ ಹಾಕಿದ್ದಾರೆ.

ಅಂಗಡಿಯಲ್ಲಿ ಇರುವವರೇ ಇಬ್ಬರು, ನಾನು ಮತ್ತು ಮಾಯಾ. ಛೆ, ಹಾಗೆಲ್ಲ ಯೋಚಿಸಬಾರದು.

೨೪ ಜನವರಿ

ಯೋಚಿಸಬಾರದು ಎಂದರೂ ಯೋಚನೆ ಬಿಡುವುದಿಲ್ಲ.

ಗಣರಾಜ್ಯೋತ್ಸವದ ಬ್ಯಾನರನ್ನು ಎಲ್ಲ ಎಚ್ಚರ ವಹಿಸಿ ಮಾಡಿದೆ. ಮೂರು ಸಲ ಓಡಿಸಿ ಖಾತ್ರಿ ಮಾಡಿಕೊಂಡೆ. ಮಧ್ಯಾಹ್ನ ಈಶ್ವರನೇ ಬಂದ. ಇನ್ನೂ ಇಂಕಿನ ವಾಸನೆ ಹೊಡೆಯುತ್ತಿದ್ದ ಬ್ಯಾನರನ್ನು ನೆಲದ ಮೇಲೆ ಹಾಸಿ, ಕೂತು, ಅಣ್ಣನ ಗದ್ದದಿಂದ ತನ್ನ ಗದ್ದಕ್ಕೆ ಬೆರಳು ಜೋಡಿಸುತ್ತ ಬಂದ. ಮೂರು ಬೆರಳು. ನೆಲದ ಮೇಲೆ ಕೂತೇ ನನ್ನ ಮುಖ ನೋಡಿದ.

"ಅಣ್ಣನ್ನ ಕೇಳಿದೆ, ಅಂವ ಆಣಿ ಮಾಡಿದ. ನೀವೂ ಆಣಿ ಮಾಡತೀರಿ. ಹಂಗಾರ ನನ್ನ ಮುಖಾ ದಿನಾ ಇಷ್ಟಿಷ್ಟ ತಿನ್ನಾಕತ್ತಾವ್ರು ಯಾರ್ರಿ?"

ಹಳೆಯ ರೀತಿಯಲ್ಲಿ ಬೇರೆ ಪ್ರಿಂಟ್ ಹೊಡೆದು ಕೊಟ್ಟೆ. ಅವನು ಹೋದ ಮೇಲೆ ತಿರುಗಿ ನೋಡಿದರೆ ಮಾಯಾ ತಲೆ ತಗ್ಗಿಸಿ ಕೂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಕಾಕಾ, ಆ ಪ್ರೋಗ್ರಾಂ…" ಎಂದು ಏನೋ ಶುರು ಮಾಡಿದಳು. ಪ್ರೋಗ್ರಾಮಿನ ಸುದ್ದಿ ತೆಗೆಯಬೇಡ ಎಂದೆ.

ಒಂದು ಸಂಗತಿ ಈಗ ನೆನಪಾಗುತ್ತಿದೆ. ಮುರಗೆಪ್ಪನ ಮಗಳು ರೂಪಾಲಿ ಇವಳ ಕ್ಲಾಸಿನವಳು. ಹೋದ ವಾರ ಅಂಗಡಿಗೆ ಬಂದು, ಒಂದು ಬುಟ್ಟಿ ದ್ರಾಕ್ಷಿ ಇಟ್ಟು, ಇಬ್ಬರೂ ಮೂಲೆಯಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು. ದ್ರಾಕ್ಷಿ ನಾನೂ ತಿಂದೆ. ಆವಾಗ ಹುಳಿ ಅನಿಸಿರಲಿಲ್ಲ.

೨ ಫೆಬ್ರುವರಿ

ಇವತ್ತು ಪುರಾವೆ ಸಿಕ್ಕಿತು.

ಮಾಯಾಗೆ ಒಂದು ರೂಢಿ ಇದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತಮ್ಮ ಮನೆದೇವರು ಮಾಳಿಂಗರಾಯನ ಭಂಡಾರವನ್ನು, ಅಂದರೆ ದೇವರ ಅರಿಶಿನಪುಡಿಯನ್ನು, ಪ್ರಿಂಟಿಂಗ್ ಮಶೀನಿಗೆ ಚಿಟಿಕೆ ಹಚ್ಚಿ, ತನ್ನ ಹಣೆಗೂ ಹಚ್ಚಿಕೊಂಡು ಕೆಲಸಕ್ಕೆ ಕೂಡುತ್ತಾಳೆ. ನಾನು ಬರುವುದು ಅದಾಗಿ ಒಂದು ತಾಸಿಗೆ. ಇವತ್ತು ನನ್ನ ಕಂಪ್ಯೂಟರಿನ ಕೀಬೋರ್ಡ್ ನೋಡಿದೆ. ಮೂರರ ಮೇಲೆ ಹಳದಿ. ಆರರ ಮೇಲೆ ಹಳದಿ. ಎಂಟರ್ ಮೇಲೆ ಹಳದಿ. ಬೇರೆ ಯಾವ ಕೀಲಿಯ ಮೇಲೂ ಇಲ್ಲ.

ಮೂವತ್ತಾರು ಅಣ್ಣನ ಅಳತೆ. ನಾನು ಬರುವ ಮೊದಲು ನನ್ನ ಕಂಪ್ಯೂಟರಿನಲ್ಲಿ ಇವಳಿಗೇನು ಮೂವತ್ತಾರರ ಕೆಲಸ?

ಸುಗಂಧಾಗೆ ಹೇಳಿದೆ. ರೊಟ್ಟಿ ತಟ್ಟುತ್ತ ತಲೆ ಎತ್ತದೆ, "ಕಾಮಣಿ ಆದ ಕಣ್ಣಿಗೆ ಎಲ್ಲಾ ಹಳದಿನ ಕಾಣತೈತ್ರಿ," ಎಂದಳು. ಇವಳಿಗೂ ಮಾಯಾ ಮೇಲೆ ಬಲು ಮಮತೆ. ಹೆಂಗಸರು ಹೆಂಗಸರ ಪಕ್ಷ.

೧೦ ಫೆಬ್ರುವರಿ

ನಿಪ್ಪಾಣಿಯ ಜಾಗದ ಮಾಲಕನಿಗೆ ಫೋನ್ ಮಾಡಿ, ಕರಾರು ಸದ್ಯಕ್ಕೆ ಬೇಡ, ಯಾರ ಹೆಸರಿಗೆ ಎಂಬುದು ಇನ್ನೂ ಗೊತ್ತಾಗಿಲ್ಲ ಎಂದೆ. ಹುಡುಗಿಗೆ ಹೇಳಲಿಲ್ಲ. ಅವಳು ಆ ಅಂಗಡಿಯ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನನ್ನನ್ನು ಕೇಳುತ್ತಿದ್ದಳು. ನೋಡೋಣ ಎಂದೆ.

ಚಹದಂಗಡಿಯಲ್ಲಿ ಎಲ್ಲ ಫ್ಲೆಕ್ಸಿನವರೂ ಕೂತಿದ್ದರು. ಈಗಿನ ಕಾಲದಲ್ಲಿ ಕೆಲಸದವರ ಕೈ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ಒಂದೇ ಒಂದು ಮಾತು ಆಡಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಒಬ್ಬ, "ಯಾರ್ರಿ, ಆ ಸದಲಗಾದಾಕಿ?" ಎಂದ. ನಾನು ಚಹಾ ಕುಡಿದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

೧೮ ಫೆಬ್ರುವರಿ

ಕೈಯಲ್ಲೇ ಹಿಡಿದೆ.

ನಾಳೆ ಶಿವಾಜಿ ಜಯಂತಿ, ಇವತ್ತು ಬ್ಯಾನರ್ ಹೋಗಬೇಕು. ದಿನಕ್ಕಿಂತ ಮುಂಚೆ ಮನೆ ಬಿಟ್ಟು, ಗಾಡಿಯನ್ನು ದೂರವೇ ನಿಲ್ಲಿಸಿ, ಅಂಗಡಿಯ ಗಾಜಿನ ಬಾಗಿಲ ಪಕ್ಕ ನಿಂತೆ. ರಸ್ತೆಯಲ್ಲಿ ಕಬ್ಬಿನ ಟ್ರಾಲಿಗಳ ಸಾಲು, ಅವುಗಳ ಗದ್ದಲದಲ್ಲಿ ನಾನು ಬಂದದ್ದು ಕೇಳಿಸಲಿಲ್ಲ. ಹುಡುಗಿ ಮಶೀನಿಗೆ ಭಂಡಾರ ಹಚ್ಚಿದಳು, ಕೈ ಮುಗಿದಳು. ನೇರ ನನ್ನ ಕುರ್ಚಿಗೆ ಬಂದು ಕೂತಳು. ಅಣ್ಣತಮ್ಮಂದಿರ ಫೈಲ್ ತೆಗೆದಳು. ಈಶ್ವರನ ಮುಖದ ಮೇಲೆ ಒತ್ತಿದಳು, ಮೂರು, ಆರು, ಎಂಟರ್. ಮುಖ ಉಬ್ಬಿ ಅಣ್ಣನಿಗೆ ಸಮ ಆಯಿತು. ಸೇವ್ ಮಾಡಿ ಎದ್ದಳು.

ಸಣ್ಣದು ಮಾಡುತ್ತಾಳೆ ಅಂದುಕೊಂಡಿದ್ದೆ, ಇವಳು ದೊಡ್ಡದು ಮಾಡುತ್ತಿದ್ದಾಳೆ. ಅಂದರೆ ಬೆಳಿಗ್ಗೆ ತಮ್ಮನ ಪರ, ನಾನು ಎದ್ದು ಹೋದ ಮೇಲೆ ಅಣ್ಣನ ಪರ. ಎರಡೂ ಕಡೆ ಮೇಯುವ ಎಮ್ಮೆ.

ಒಳಗೆ ಹೋದೆ. ಏನು ಮಾಡುತ್ತಿದ್ದೀ ಎಂದೆ. ಗಾಬರಿಯಾದಳು, ಆದರೆ ಸುಳ್ಳು ಹೇಳಲಿಲ್ಲ.

"ಇಬ್ಬರದೂ ಸಮ ಮಾಡಿ ಇಡತೇನ್ರಿ ಕಾಕಾ. ಇಲ್ಲಂದ್ರ ನೀವ್ ಓಡಿಸಿದಾಗ…"

ಮುಂದೆ ಕೇಳಲಿಲ್ಲ. ಯಾರು ಹೇಳಿ ಮಾಡಿಸುತ್ತಿದ್ದಾರೆ, ರೂಪಾಲಿಯೋ ಈಶ್ವರನೋ ಎಂದು ಕೇಳಿದೆ. ಎಷ್ಟು ಕೊಟ್ಟರು ಎಂದೂ ಕೇಳಿದೆ. ನನ್ನ ದನಿ ಏರಿತ್ತು, ಪಕ್ಕದ ಮೊಬೈಲ್ ಅಂಗಡಿಯವನು ಬಂದು ಬಾಗಿಲಲ್ಲಿ ನಿಂತಿದ್ದ. ಅವಳು ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಅಳಲಿಲ್ಲ.

"ಪ್ರೋಗ್ರಾಂ ನಿಮ್ಮದು ಅಂತ ಊರ ತುಂಬ ಹೇಳೀರಿ. ಅದರಾಗ ಚೂಕಿ ಐತಿ, ತಪ್ಪ ಐತಿ ಅಂತ ನಾ ಒಬ್ಬರ ಮುಂದೂ ಹೇಳಿಲ್ರಿ," ಎಂದಳು. ಊಟದ ಡಬ್ಬಿ, ಭಂಡಾರದ ಚೀಲ ಎತ್ತಿಕೊಂಡಳು. "ಬರತೇನ್ರಿ, ಮಾಲಕ್ರ."

ಇಷ್ಟು ವರ್ಷ ಕಾಕಾ ಅನ್ನುತ್ತಿದ್ದವಳು ಇವತ್ತು ಮಾಲಕ್ರ ಅಂದಳು. ಅನ್ನಲಿ. ಮರ್ಯಾದೆಯ ಮಾತೇ ಅದು.

ಆಮೇಲೆ ಬ್ಯಾನರ್ ನಾನೇ ಓಡಿಸಿದೆ, ನಾಲ್ಕೈದು ಸಲ ಒತ್ತಿ ಪರೀಕ್ಷೆ ಮಾಡಿದೆ. ಅವಳು ಹೋದಳಲ್ಲ, ಇನ್ನು ಸರಿಯಾಗಿಯೇ ಇರುತ್ತದೆ ಎಂದು ಅಳೆಯದೆ ಕಳಿಸಿದೆ.

೧೯ ಫೆಬ್ರುವರಿ

ಆಕೆ ಬರಲಿಲ್ಲ. ಒಳ್ಳೆಯದೇ ಆಯಿತು.

ಈಶ್ವರ ಎರಡು ಸಲ ಫೋನ್ ಮಾಡಿದ್ದ. ಎತ್ತಲಿಲ್ಲ.

೨೫ ಫೆಬ್ರುವರಿ

ನಾಳೆ ಶಿವರಾತ್ರಿ. ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಹಾಕಿದೆ, ಯಾರಿಗೂ ಹೇಳಿಲ್ಲ. ಅಂಗಡಿಗೆ ಹೊಸ ಕೀಲಿ. ಇಂಟರ್‌ನೆಟ್ ವೈರು ಕಿತ್ತು ಇಟ್ಟೆ, ನಿಪ್ಪಾಣಿಯ ಯಾವನೋ ಫ್ಲೆಕ್ಸಿನವನು ಅಲ್ಲಿಂದಲೇ ಕೈ ಆಡಿಸುತ್ತಿದ್ದರೆ? ಇಷ್ಟೆಲ್ಲ ಮಾಡಿಯೂ ಈಶ್ವರನ ಮುಖ ಇಳಿಯುತ್ತಲೇ ಇದೆ. ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ಓಡಿಸಿ ನೋಡಿದೆನೋ ಲೆಕ್ಕವಿಲ್ಲ. ಈಗ ಅವನು ಅಣ್ಣನ ಪಕ್ಕ ನಿಂತ ಶಾಲೆಯ ಹುಡುಗನಂತೆ ಕಾಣುತ್ತಾನೆ, ಮೀಸೆಯೊಂದು ಬೇರೆ.

ಬ್ಯಾನರ್ ಕಳಿಸಲಿಲ್ಲ. ಮಶೀನ್ ಕೆಟ್ಟಿದೆ ಎಂದು ಸುಳ್ಳು ಹೇಳಿದೆ.

ಹೊಸ ಕೀಲಿಯ ಜೋಡಿ ಮನೆಯ ಗೂಟದಲ್ಲಿ ತೂಗುತ್ತಿರುತ್ತದೆ. ಮನೆಯಲ್ಲಿರುವವಳು ಸುಗಂಧಾ ಒಬ್ಬಳೇ. ಮಾಯಾ ಹೋದಾಗಿನಿಂದ ಅವಳಿಗೆ ನನ್ನ ಮೇಲೆ ಸಿಟ್ಟೂ ಇದೆ. ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟೆ, ನೀನೇನಾದರೂ ಅಂಗಡಿಗೆ ಹೋಗಿದ್ದೆಯಾ ಎಂದು. ಅವಳು ರೊಟ್ಟಿಯನ್ನು ತಾಟಿನಲ್ಲಿಟ್ಟು, ಕೈ ತೊಳೆದು ಒಳಗೆ ಹೋದಳು. ಉತ್ತರ ಕೊಡದಿರುವುದೂ ಒಂದು ಉತ್ತರವೇ.

೫ ಮಾರ್ಚ್

ಸುಗಂಧಾ ರಾಯಬಾಗಕ್ಕೆ, ತಂಗಿಯ ಮನೆಗೆ ಹೋಗಿದ್ದಾಳೆ. ಯಾವಾಗ ಬರುತ್ತೀ ಎಂದರೆ, "ನಿಮ್ಮ ಅಂಗಡಿ ಸುದ್ದಿ ಮುಗದ ಮ್ಯಾಲ," ಎಂದಳು.

ಹೊಸದಾಗಿ ಇಟ್ಟುಕೊಂಡ ಡಿಸೈನರ್ ಬಿಟ್ಟು ಹೋದ. ನಾನು ಬೆನ್ನ ಹಿಂದೆ ನಿಂತರೆ ಅವನಿಗೆ ಕೈ ಓಡುವುದಿಲ್ಲವಂತೆ. ಕಳ್ಳತನ ಇಲ್ಲದವನಿಗೆ ಬೆನ್ನ ಹಿಂದೆ ಯಾರಿದ್ದರೇನು?

ಊಟ ಖಾನಾವಳಿಯಲ್ಲಿ. ಅಲ್ಲಿಯೂ ಪಲ್ಯ ಬೇರೆಯವರಿಗಿಂತ ನನಗೆ ಕಡಿಮೆ ಬಡಿಸುತ್ತಾರೆ. ಎರಡು ದಿನ ಗಮನಿಸಿದ್ದೇನೆ.

೧೧ ಮಾರ್ಚ್

ಇದನ್ನು ಬರೆಯಲು ಬಹಳ ಹೊತ್ತು ಕೂತೆ.

ಮಧ್ಯಾಹ್ನ ಈಶ್ವರ ಬಂದ. ಚಪ್ಪಲಿ ಕಳಚಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದ: ಹೋಳಿಯಿಂದ ಅವನ ಬ್ಯಾನರ್ ಅವನಿಗೆ ಬೇರೆ, ಬೇರೆ ಅಂಗಡಿಯಲ್ಲಿ ಮಾಡಿಸುತ್ತಾನೆ, ಅದರಲ್ಲಿ ಒಂದೇ ಮುಖ. ಆ ಮನೆಯಿಂದ ಎಂದೂ ಎರಡು ಬ್ಯಾನರ್ ಎದ್ದಿಲ್ಲ. ಇವತ್ತು ಎರಡು ಬ್ಯಾನರ್ ಎದ್ದರೆ ನಾಳೆ ಎರಡು ಒಲೆ ಹೊತ್ತುತ್ತವೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಚನ್ನವ್ವ ಊಟ ಬಿಟ್ಟು ಕೂತಿದ್ದಾಳಂತೆ.

ನನಗೆ ತಡೆಯಲಿಲ್ಲ. ಕೈ ಹಿಡಿದು ಎಳೆದು ತಂದು ನನ್ನ ಪಕ್ಕ ಕೂರಿಸಿದೆ. ನನ್ನ ಕಂಪ್ಯೂಟರ್, ನನ್ನ ಪಾಸ್‌ವರ್ಡ್, ವೈರು ಕಿತ್ತು ಇಟ್ಟಿದೆ, ಅಂಗಡಿಯಲ್ಲಿ ನಾವಿಬ್ಬರೇ, ನಿಮ್ಮ ಕಣ್ಣ ಮುಂದೆ ಮಾಡುತ್ತೇನೆ ನೋಡಿರಿ ಎಂದೆ. ಅವನ ಮುಖವನ್ನು ಕೈಯಿಂದಲೇ ಎಳೆದು ಅಣ್ಣನಿಗೆ ಸಮ ಮಾಡಿ, ಗುಂಡಿ ಒತ್ತಿದೆ. ಒಂದು ಬೆರಳು ಇಳಿಯಿತು. "ಬರೋಬರಿ ಆತಲ್ರಿ?" ಎಂದೆ. ಹೌದೆಂದ. ಖಾತ್ರಿಗೆ ಇನ್ನೊಮ್ಮೆ ಒತ್ತಿದೆ. ಮುಖ ಮತ್ತೆ ಇಳಿಯಿತು. ನನಗೆ ಕಣ್ಣು ಮಂಜಾಗಿರಬೇಕು ಅನಿಸಿ ಮತ್ತೊಮ್ಮೆ ಒತ್ತಿದೆ.

ಈಶ್ವರ ನನ್ನ ಮಣಿಕಟ್ಟು ಹಿಡಿದ.

"ಬಿಡ್ರಿ ಹಾಲೇಶಣ್ಣ. ಒತ್ತಾವ್ರೂ ನೀವ. ನೀವ್ ಒತ್ತಿದಷ್ಟೂ ನಾ ಸಣ್ಣ ಆಗಾಕತ್ತೇನಿ."

ಪ್ರೋಗ್ರಾಂ ತೆರೆದೆ. ವಿಡಿಯೊದವನು ಹೇಳಿಕೊಟ್ಟ ಶಬ್ದ ಅಲ್ಲೇ ಇತ್ತು, ಸ್ಟ್ರೆಚ್. ತೊಂಬತ್ತೆಂಟು ಎಂದರೆ ಅಣ್ಣನ ತೊಂಬತ್ತೆಂಟು ಎಂದು ತಿಳಿದಿದ್ದೆ. ಅದು ಹಾಗಲ್ಲ. ಈಗ ಎಷ್ಟಿದೆಯೋ ಅದರ ತೊಂಬತ್ತೆಂಟು. ದರ್ಜಿಗೆ ಅಂಗಿ ಒಂದು ಬೆರಳು ಕತ್ತರಿಸು ಎಂದು ಹೇಳಿ, ಕತ್ತರಿಸಿದನೋ ಇಲ್ಲವೋ ಎಂದು ದಿನಾ ಹೋಗಿ ಅದೇ ಮಾತು ಹೇಳಿದಂತೆ. ಅವನು ದಿನಾ ಒಂದೊಂದು ಬೆರಳು ಕತ್ತರಿಸಿದ. ನಾನು ಎರಡು ಸಲ ಖಾತ್ರಿ ಮಾಡಿಕೊಂಡಾಗ ಎರಡು ಬೆರಳು. ಮೂರು ಸಲ ಮಾಡಿಕೊಂಡಾಗ ಮೂರು. ಸಂಶಯ ಹೆಚ್ಚಾಗಿ ದಿನವಿಡೀ ಒತ್ತಿದೆ, ಅವನು ಹುಡುಗನಾದ.

ಮೂರು, ಆರು, ಎಂಟರ್. ಮಾಯಾ ದಿನಾ ಬೆಳಿಗ್ಗೆ ನಾನು ಕತ್ತರಿಸಿದ್ದನ್ನು ಹೊಲಿದು ಇಡುತ್ತಿದ್ದಳು, ನಾನು ಒಂದು ಸಲ ಓಡಿಸಿದರೆ ಸರಿಯಾಗಲೆಂದು. ಮೊದಲ ದಿನವೇ ಹೇಳಿದ್ದಳು, ಒಂದ ಸಲಾನ ಓಡಸ್ರಿ ಕಾಕಾ ಎಂದು. ನಾನೇ ಬರೆದಿದ್ದೇನೆ, ಈ ಡೈರಿಯ ಮೊದಲ ಪುಟದಲ್ಲಿ. ಈಗ ತೆಗೆದು ನೋಡಿದೆ, ಇದೆ.

ಈಶ್ವರ ಮೊದಲು ನಕ್ಕ. ಆಮೇಲೆ ನಗೆ ನಿಂತಿತು. ಅಣ್ಣನ ಜೊತೆ ಮಾತು ಬಿಟ್ಟು ತಿಂಗಳಾಗಿದೆಯಂತೆ. ತೋಟದಲ್ಲಿ ದ್ರಾಕ್ಷಿ ಕೊಯ್ಲು ನಡೆದಿದೆ, ಅಣ್ಣ ಅಲ್ಲೇ ಇರುತ್ತಾನೆ, ಹೋಗಿ ಮುಖ ತೋರಿಸುತ್ತೇನೆ ಎಂದು ಎದ್ದ. ಹೋಗುವಾಗ, ಆ ಹುಡುಗಿ ಇದ್ದಿದ್ದರೆ ಆಗಲೇ ಗುರುತಿಸುತ್ತಿದ್ದಳಲ್ಲ, ಎಲ್ಲಿ ಹೋಗಿದ್ದಾಳೆ ಎಂದು ಕೇಳಿದ. ರಜೆಯ ಮೇಲೆ ಇದ್ದಾಳೆ ಎಂದೆ. ಇನ್ನೂ ಸುಳ್ಳು ಬಿಟ್ಟಿಲ್ಲ ನಾನು.

೧೪ ಮಾರ್ಚ್

ಸದಲಗಾಕ್ಕೆ ಹೋದೆ. ಮಲಕಾರಿ ಕುರಿ ಹೊಡೆದುಕೊಂಡು ಹೊಳೆಯ ಆಚೆ ಹೋಗಿದ್ದ. ಮನೆಯಲ್ಲಿ ಮಾಯಾಳ ತಾಯಿ ದುಂಡವ್ವ ಒಬ್ಬಳೇ. ಚರಿಗೆಯಲ್ಲಿ ನೀರು ಕೊಟ್ಟಳು. ಚಹಾ ಕೇಳಲಿಲ್ಲ. ಆ ಮನೆಯಲ್ಲಿ ಚಹಾ ಕುಡಿಯದೆ ನಾನು ಎಂದೂ ಎದ್ದವನಲ್ಲ.

ತಪ್ಪು ನನ್ನದು ಎಂದೆ. ಅವಳು ಜಂತಿಯನ್ನು ನೋಡುತ್ತ ಕೇಳಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಮಾಯಾ ಚಿಕ್ಕೋಡಿಯ ಅಂಗಡಿಗಳಿಗೆಲ್ಲ ಕೆಲಸ ಕೇಳಿಕೊಂಡು ಹೋಗಿದ್ದಳಂತೆ. ಒಬ್ಬರೂ ಒಳಗೆ ಕರೆಯಲಿಲ್ಲವಂತೆ.

"ನಿಮ್ಮ ಮಾಲಕ ಒಂದ ಮಾತ ಅಂದಾನ, ಅಂದ್ರಂತ. ಆ ಒಂದ ಮಾತ ಏನಂತ ನನ್ನ ಮಗಳಿಗೆ ಯಾರೂ ಹೇಳಲಿಲ್ರಿ. ನೀವರ ಹೇಳ್ರಿ."

ಏನು ಹೇಳಲಿ? ಚಹದಂಗಡಿಯಲ್ಲಿ ಹೌದೂ ಅನ್ನದೆ ಅಲ್ಲವೂ ಅನ್ನದೆ ಚಹಾ ಕುಡಿದೆ ಎಂದು ಹೇಳಲೇ? ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನ್ನ ಜೀವಮಾನದಲ್ಲಿ ಆಗಿಲ್ಲ.

ಮಾಯಾ ನಿಪ್ಪಾಣಿಯಲ್ಲಿದ್ದಾಳೆ. ನಾನು ಬೇಡವೆಂದ ಜಾಗವನ್ನು ಅವಳೇ ಹಿಡಿದಿದ್ದಾಳೆ. ಮಶೀನ್ ಇಲ್ಲ, ಒಂದು ಕಂಪ್ಯೂಟರ್ ಅಷ್ಟೇ. ಡಿಸೈನ್ ತನ್ನದು, ಪ್ರಿಂಟ್ ಕೊಲ್ಹಾಪುರದಿಂದ. ಪಾಡವಾಕ್ಕೆ ತೆರೆಯುತ್ತಾಳೆ.

೧೭ ಮಾರ್ಚ್

ಚಹದಂಗಡಿಗೆ ಹೋದೆ. ಎಲ್ಲರೂ ಇದ್ದರು. ಕೂಡದೆ, ನಿಂತೇ ಹೇಳಿದೆ: ಚೂಕಿ ನನ್ನ ಪ್ರೋಗ್ರಾಮಿನದು, ಮಾಯಾ ಅದನ್ನು ದಿನಾ ಮುಚ್ಚಿಟ್ಟು ನನ್ನ ಮಾನ ಕಾಯುತ್ತಿದ್ದಳು, ನಾನು ಅವಳ ಮಾನ ಕಳೆದೆ. ಒಬ್ಬ ನಕ್ಕ. ಇನ್ನೊಬ್ಬ, ಹೋಗಲಿ ಬಿಡ್ರಿ, ಕೂಡ್ರಿ ಎಂದ. ಕೂಡಲಿಲ್ಲ. ಹೆಜ್ಜೆ ಹೆಜ್ಜೆಗೆ ಪ್ರೋಗ್ರಾಂ ಎಂದು ಹೇಳಿಕೊಂಡು ಬಂದ ದಾರಿಯಲ್ಲೇ ತಿರುಗಿ ಹೋಗಿ ಹಜಾಮನಿಗೆ ಹೇಳಿದೆ, ಪಕ್ಕದ ಮೊಬೈಲ್ ಅಂಗಡಿಯವನಿಗೆ ಹೇಳಿದೆ, ಕಂಟ್ರೋಲರಿಗೂ ಹೇಳಿದೆ. ಈ ಸಲ ಅವನು ಪೂರ್ತಿ ಕೇಳಿದ.

ರಾಯಬಾಗಕ್ಕೆ ಫೋನ್ ಮಾಡಿದೆ. ಸುಗಂಧಾ ಸಂಜೆಯ ಬಸ್ಸಿಗೆ ಬಂದಳು.

೨೮ ಮಾರ್ಚ್

ಬೆಳಿಗ್ಗೆ ಮೊಬೈಲಿಗೆ ಮಾಯಾಳ ಮೆಸೇಜ್: "ನಿಮ್ಮ ಒಂದು ಫೋಟೊ ಬೇಕಾಗಿತ್ತು." ಮೊಬೈಲಿನಲ್ಲೇ ಕಳಿಸಬಹುದಿತ್ತು. ಒಂದು ಒಳ್ಳೆಯ ಫೋಟೊ ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ, ಇವಳಿಗೆ ನನ್ನ ಫೋಟೊ ಯಾತಕ್ಕೆ, ಊರ ಮುಂದೆ ನನ್ನನ್ನು ಹರಾಜು ಹಾಕುತ್ತಾಳೋ ಏನೋ ಎಂದು ಯೋಚಿಸಿದೆ. ಹಾಕಿದರೂ ತಪ್ಪಿಲ್ಲ ಅನಿಸಿತು.

ಸಣ್ಣ ಅಂಗಡಿ. ಗೋಡೆಗೆ ತಿಳಿಹಸಿರು ಬಣ್ಣ. ಅಂದು ಯಾವ ಬಣ್ಣ ಎಂದು ಕೇಳಿದ್ದಳಲ್ಲ, ಉತ್ತರ ತಾನೇ ಕಂಡುಕೊಂಡಿದ್ದಾಳೆ. ಬರ್ರಿ ಮಾಲಕ್ರ ಎಂದು ಕುರ್ಚಿ ಕೊಟ್ಟಳು. ನಾನು ತಪ್ಪಾಯಿತು ಎಂದೆ. "ಹೇಳ್ಯಾರ್ರಿ, ಚಿಕ್ಕೋಡಿಯವ್ರು," ಎಂದಳು. ಅಷ್ಟೇ. ವಾಪಸ್ ಬಾ ಎಂದು ಕೇಳಬೇಕೆಂದು ಬಂದಿದ್ದೆ, ಆ ಗೋಡೆ ನೋಡಿದ ಮೇಲೆ ಬಾಯಿ ಬರಲಿಲ್ಲ.

ಪರದೆಯ ಮೇಲೆ ಅವಳ ಅಂಗಡಿಯ ಪ್ರಾರಂಭದ ಬ್ಯಾನರ್ ಇತ್ತು, ಪ್ರಿಂಟಿಗೆ ಹೋಗುವುದೊಂದೇ ಬಾಕಿ. ಮೇಲೆ ಮಾಳಿಂಗರಾಯ. ಕೆಳಗೆ ರುಮಾಲು ಸುತ್ತಿದ ಮಲಕಾರಿ, ಪಕ್ಕದಲ್ಲಿ ದುಂಡವ್ವ. ಅವರ ಬಲಕ್ಕೆ ಒಂದು ಖಾಲಿ ವೃತ್ತ, ಕೆಳಗೆ "ಕೆಲಸ ಕಲಿಸಿದವರು" ಎಂದು ಬರೆದು ನನ್ನ ಹೆಸರು.

ಅವಳು ಪೆನ್‌ಡ್ರೈವಿನಿಂದ ಫೋಟೊ ತೆಗೆದುಕೊಂಡು, ಪ್ರೋಗ್ರಾಂ ತೆರೆದು ತೋರಿಸಿದಳು. ಅಂದು ಬೆನ್ನ ಹಿಂದೆ ನಿಂತು ನೋಡಿಕೊಂಡದ್ದು, ನನ್ನದೇ ಪ್ರೋಗ್ರಾಂ, ನನ್ನದೇ ಸಾಲುಗಳು. ಒಂದು ಶಬ್ದ ಮಾತ್ರ ಬದಲಿಸಿದ್ದಳು. ಸ್ಟ್ರೆಚ್ ಇದ್ದಲ್ಲಿ ಸೆಟ್‌ಸೈಜ್. ಈಗ ಎಷ್ಟಿದೆ ಎಂದು ಅದು ಕೇಳುವುದಿಲ್ಲ, ಎಷ್ಟಿರಬೇಕೋ ಅಷ್ಟೇ ಮಾಡುತ್ತದೆ. ಮಲಕಾರಿಯ ಮುಂದೆ ಮೂವತ್ತಾರು ಇಂಚು. ದುಂಡವ್ವನ ಮುಂದೆಯೂ ಮೂವತ್ತಾರು. ನನ್ನ ಹೆಸರಿನ ಮುಂದೆ ಏನೂ ಇರಲಿಲ್ಲ.

"ಅಪ್ಪಂದು ಅವ್ವಂದು ನಾ ಹಾಕೇನ್ರಿ. ನಿಮ್ಮ ಅಳತಿ ನೀವ ಹಾಕ್ರಿ, ಮಾಲಕ್ರ," ಎಂದು ಕೀಬೋರ್ಡನ್ನು ನನ್ನ ಕಡೆ ಸರಿಸಿದಳು.

ನೀನೇ ಹಾಕು ಎಂದೆ. ತಲೆಯಾಡಿಸಿ ಒಲ್ಲೆ ಎಂದಳು. ಸಿಟ್ಟಿನಿಂದಲ್ಲ, ಹಠದಿಂದಲೂ ಅಲ್ಲ. ಇದನ್ನು ತಾನು ಮಾಡಲಾರಳು ಎಂಬಂತೆ.

ಇಡೀ ತಾಲೂಕಿನ ಮುಖಗಳಿಗೆ ಅಳತೆ ಕೊಟ್ಟವನು ನಾನು. ಇವನು ಇಷ್ಟು, ಅವನು ಅಷ್ಟು ಎಂದು ನೋಡಿದ ಕೂಡಲೇ ಹೇಳುತ್ತಿದ್ದೆ. ಇವತ್ತು ಬೆರಳು ಓಡಲಿಲ್ಲ. ಮೂವತ್ತಾರು ಹಾಕುವ ಯೋಗ್ಯತೆ ಇಲ್ಲ. ಚನ್ನವ್ವನ ಲೆಕ್ಕದಲ್ಲಿ ಒಂದು ಬೆರಳು ಕಡಿಮೆ ಹಾಕಲೂ ಧೈರ್ಯವಿಲ್ಲ, ಅದು ಮನೆಯವರ ಅಳತೆ. ಕೊನೆಗೆ ಹದಿನೆಂಟು ಎಂದು ಒತ್ತಿದೆ. ಅವಳ ಅಪ್ಪನ ಅರ್ಧ. ಅವಳ ಮುಖ ನೋಡಿದೆ, ಹೆಚ್ಚಾಯಿತು ಅನ್ನಲಿಲ್ಲ, ಕಡಿಮೆಯಾಯಿತು ಅಂತಲೂ ಅನ್ನಲಿಲ್ಲ.

ಗುಂಡಿ ಒತ್ತಿದೆ. ವೃತ್ತದೊಳಗೆ ನನ್ನ ಮುಖ ಬಂದು ಕೂತಿತು.

"ಈಗ ಎಷ್ಟ ಸಲ ಒತ್ತಿದ್ರೂ ಅಷ್ಟ ಇರತೈತ್ರಿ. ಒತ್ತಿ ನೋಡ್ರಿ ಬೇಕಾದ್ರ," ಎಂದಳು.

ಒತ್ತಲಿಲ್ಲ. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಒಂದು ಕ್ಷಣ ನನ್ನ ಕೈಯನ್ನೇ ನೋಡಿದಳು, ಆಮೇಲೆ ಎದ್ದು ಪಕ್ಕದ ಹೋಟೆಲಿಗೆ ಎರಡು ಚಹಾ ಹೇಳಿ ಬಂದಳು. ಹೊರಡುವಾಗಲೂ ಮಾಲಕ್ರ ಎಂದೇ ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನೋಡಿಕೊಂಡೆ, ಬೆರಳಿನ ತುದಿಗೆ ಭಂಡಾರ ಹತ್ತಿತ್ತು, ಅವಳ ಕೀಬೋರ್ಡಿನದು. ಮನೆಗೆ ಬಂದಾಗ ಸುಗಂಧಾ ಊಟಕ್ಕೆ ಕೈ ತೊಳೆಯಿರಿ ಎಂದು ನೀರು ತಂದಳು. ಇರಲಿ, ಆಮೇಲೆ ಎಂದೆ.